ಮಂಟಪದ ಎರಡನೇ ಬಾಗಿಲು ಎಲ್ಲಿದೆ?

ಮಾನ್ಯ ಸಂಪಾದಕರೇ,

ಮದುವೆ ಸೀಸನ್ ಬಂದರೆ ಬಳ್ಳಾರಿಯಲ್ಲಿ ಕಲ್ಯಾಣ ಮಂಟಪ ಸಿಗುವುದೇ ಕಷ್ಟ. ಮದುವೆ ಅಷ್ಟೇ ಅಲ್ಲ, ಸೀರೆ ಮೇಳ, ಶಾಲೆಯ ವಾರ್ಷಿಕೋತ್ಸವ, ಹುಟ್ಟುಹಬ್ಬ, ಪಕ್ಷದ ಸಭೆ ಎಲ್ಲವೂ ಅಲ್ಲೇ. ಈ ಮಂಟಪ ಮತ್ತು ಹೋಟೆಲ್ ಹಾಲ್‌ಗಳ ಮಾಲೀಕರನ್ನು, ಅವರಿಗೆ ಲೈಸೆನ್ಸ್ ಕೊಡುವ ಮಹಾನಗರ ಪಾಲಿಕೆಯನ್ನು ಒಂದು ಮಾತು ಕೇಳಬೇಕಿದೆ. ಬೆಂಕಿ ಬಿದ್ದರೆ ಜನ ಯಾವ ಕಡೆಯಿಂದ ಹೊರಗೆ ಓಡಬೇಕು?

ಕಳೆದ ವರ್ಷ ಸಂಬಂಧಿಕರ ಮದುವೆ ನಡೆದ ಹಾಲ್‌ಗೆ ಮೂರು ಬಾಗಿಲು ಇದ್ದವು. ಒಂದರ ಮೇಲೆ ಸ್ಟೇಜಿನ ಪರದೆ ಹೊಡೆದಿದ್ದರು. ಇನ್ನೊಂದಕ್ಕೆ ಬೀಗ. ಯಾಕೆ ಅಂತ ಕೇಳಿದರೆ, "ಕರೀದವರೂ ಊಟಕ್ಕೆ ನುಗ್ತಾರ್ರೀ" ಎಂದರು ಮ್ಯಾನೇಜರ್. ಉಳಿದ ಒಂದು ಬಾಗಿಲಿಗೆ ಹೂವಿನ ಕಮಾನು, ಅದರ ಪಕ್ಕದಲ್ಲೇ ಐಸ್‌ಕ್ರೀಮ್ ಕೌಂಟರ್. ಗೋಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರ್ ಇತ್ತು, ಆದರೆ ಅದರ ಮುಂದೆ ಕುರ್ಚಿ ಒಟ್ಟಿದ್ದರು. ಬಗ್ಗಿ ನೋಡಿದರೆ ಮೀಟರಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಇಳಿದಿತ್ತು, ಅಂದರೆ ಒಳಗೆ ಸಾಕಷ್ಟು ಒತ್ತಡವೇ ಇರಲಿಲ್ಲ.

ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರ (ಎನ್‌ಒಸಿ) ಇದೆ ಅಂತ ಮಾಲೀಕರು ಹೇಳಬಹುದು. ಇರಲಿ. ಆದರೆ ತಪಾಸಣೆ ನಡೆಯುವುದು ಖಾಲಿ ಹಾಲ್‌ನಲ್ಲಿ. ಕಾರ್ಯಕ್ರಮದ ದಿನ ಅದೇ ಹಾಲ್ ಬೇರೆಯೇ ಆಗಿರುತ್ತದೆ: ಚಾವಣಿಯಿಂದ ನೆಲದವರೆಗೆ ನೈಲಾನ್ ಬಟ್ಟೆ, ಥರ್ಮಾಕೋಲ್, ಪ್ಲಾಸ್ಟಿಕ್ ಹೂ, ಅವುಗಳಿಗೆ ತಾಗಿದಂತೆ ಬಿಸಿ ಫೋಕಸ್ ಲೈಟು, ಟೇಪ್ ಸುತ್ತಿದ ವೈರು, ಹಿತ್ತಲಲ್ಲಿ ಸಾಲಾಗಿ ಗ್ಯಾಸ್ ಸಿಲಿಂಡರ್, ಜನರೇಟರ್ ಪಕ್ಕದಲ್ಲೇ ಡೀಸೆಲ್ ಕ್ಯಾನು, ಸಾಲದ್ದಕ್ಕೆ ವಧೂವರರು ಬರುವಾಗ ಕಿಡಿ ಚಿಮ್ಮಿಸುವ ಯಂತ್ರ ಬೇರೆ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಬಟ್ಟೆಯೆಲ್ಲ ಒಣಗಿ ಕೂತಿರುತ್ತದೆ. ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು?

ಸುಮ್ನೆ ಹೆದರಿಸಲು ಬರೆಯುತ್ತಿಲ್ಲ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ ನಡೆದದ್ದು ಮದುವೆ ಹಾಲ್‌ನಲ್ಲೇ. ಪೆಂಡಾಲಿಗೆ ಬೆಂಕಿ ಬಿದ್ದು 400ಕ್ಕೂ ಜಾಸ್ತಿ ಜನ ಸತ್ತರು, ಅವರಲ್ಲಿ ಬಹಳಷ್ಟು ಮಂದಿ ಮಕ್ಕಳು. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಕಲ್ಯಾಣ ಮಂಟಪದಲ್ಲಿ ಬೆಂಕಿ ಬಿದ್ದಾಗ 50ಕ್ಕೂ ಹೆಚ್ಚು ಜನ ಹೋದರು, ಮದುಮಗನೂ ಅದರಲ್ಲಿ ಒಬ್ಬ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಿದ್ದು ಹೆಚ್ಚಾಗಿ ಹೊಗೆಯಿಂದ ಉಸಿರುಗಟ್ಟಿ. ಅಲ್ಲಿ ಹೊರಹೋಗುವ ದಾರಿಗೆ ಅಡ್ಡವಾಗಿ ಹೆಚ್ಚುವರಿ ಸೀಟು ಹಾಕಿದ್ದರು. ನಮ್ಮ ಹಾಲ್‌ಗಳಲ್ಲೂ ಬೀಗರು ಜಾಸ್ತಿ ಬಂದರೆ ಮೊದಲು ಮುಚ್ಚುವುದು ನಡುವಿನ ಓಡಾಟದ ದಾರಿಯನ್ನೇ ಅಲ್ವಾ?

ಪೆಂಡಾಲ್ ಹಾಕಲಿಕ್ಕೂ ಭಾರತೀಯ ಮಾನಕ ಬ್ಯೂರೋದ ನಿಯಮವಿದೆ, ಐಎಸ್ 8758 ಅಂತ. ಸಿಂಥೆಟಿಕ್ ಬಟ್ಟೆ, ಸಿಂಥೆಟಿಕ್ ಹಗ್ಗ ಬಳಸಬಾರದು, ಕರೆಂಟ್ ಲೈನಿನ ಕೆಳಗೆ ಹಾಕಬಾರದು, ಎತ್ತರ 3 ಮೀಟರಿಗಿಂತ ಕಡಿಮೆ ಇರಬಾರದು. ಶಾಮಿಯಾನದ ಹುಡುಗರನ್ನು ಇದಕ್ಕಾಗಿ ಬೈಯುವುದು ಸರಿಯಲ್ಲ. ಅವರು ರಾತ್ರಿಯೆಲ್ಲ ನಿದ್ದೆಗೆಟ್ಟು ಕಟ್ಟುತ್ತಾರೆ, ಇಂಥ ನಿಯಮ ಇದೆ ಅಂತ ಅವರಿಗೆ ಹೇಳಿದವರು ಯಾರು?

ತೋರಣಗಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರು ನಮ್ಮಲ್ಲಿ ಮನೆಮನೆಯಲ್ಲಿದ್ದಾರೆ. ಒಂದು ವೆಲ್ಡಿಂಗ್ ಮಾಡಬೇಕಾದರೂ ಪರ್ಮಿಟ್ ಬೇಕು, ಕಿಡಿ ಎಲ್ಲಿ ಬೀಳುತ್ತದೆ ಅಂತ ನೋಡಲು ಪಕ್ಕದಲ್ಲಿ ಒಬ್ಬ ನಿಂತಿರಬೇಕು ಎಂಬುದು ಅವರಿಗೆ ಗೊತ್ತು. ಅದೇ ಮನೆಯ ಹೆಂಗಸರು, ಮಕ್ಕಳು, ಮುದುಕರು ಸಾವಿರ ಜನರ ನಡುವೆ ಕೂರುವ ಹಾಲ್‌ನಲ್ಲಿ ಮಾತ್ರ ನೋಡಲು ಯಾರೂ ಇಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಕಾರ್ಯಕ್ರಮದ ದಿನ ಜನ ಸೇರುವ ಮುಂಚೆ ಮ್ಯಾನೇಜರ್, ಡೆಕೋರೇಷನ್‌ನವರು, ಅಡುಗೆಯವರು ಜೊತೆಯಾಗಿ ಒಂದು ಸುತ್ತು ಹೊಡೆದು, ಎಲ್ಲ ಬಾಗಿಲು ತೆಗೆದಿದೆ, ದಾರಿಯಲ್ಲಿ ಕುರ್ಚಿ ಇಲ್ಲ, ಗ್ಯಾಸ್ ಸಿಲಿಂಡರ್‌ಗಳು ಹೊರಗೆ ಗಾಳಿಯಾಡುವ ಕಡೆ ಇವೆ ಅಂತ ಒಂದು ಹಾಳೆಗೆ ಸಹಿ ಹಾಕಲಿ. ಬೆಂಕಿ ಆರಿಸುವ ಸಿಲಿಂಡರಿನ ಪಿನ್ ಕಿತ್ತು ಬಳಸಲು ಬರುವ ಇಬ್ಬರು ಕೊನೆಯ ಪಂಕ್ತಿ ಮುಗಿಯುವವರೆಗೂ ಅಲ್ಲೇ ಇರಲಿ. ಹಾಲ್‌ಗೆ ಎಷ್ಟು ಜನ ಹಿಡಿಸುತ್ತಾರೆ ಅಂತ ಬಾಗಿಲಲ್ಲೇ ಬೋರ್ಡ್ ಹಾಕಲಿ. ಮೈಕಿನಲ್ಲಿ ಒಮ್ಮೆ ಬಾಗಿಲುಗಳು ಎಲ್ಲೆಲ್ಲಿವೆ ಅಂತ ಹೇಳಲಿ, ಯಾಕೆಂದರೆ ಗಾಬರಿಯಲ್ಲಿ ಜನ ತಾವು ಬಂದ ಬಾಗಿಲಿಗೇ ನುಗ್ಗುತ್ತಾರೆ. ಲೈಸೆನ್ಸ್ ನವೀಕರಿಸುವಾಗ ಪಾಲಿಕೆಯವರು ಆ ಸಹಿಯ ಹಾಳೆಗಳನ್ನು ಕೇಳಲಿ. ಮಧ್ಯೆ ಒಂದೆರಡು ಸಲ ಅಗ್ನಿಶಾಮಕದವರು ಹೇಳದೆ ಕೇಳದೆ ಮುಹೂರ್ತದ ದಿನವೇ ಬಂದು ನೋಡಲಿ. ಖರ್ಚು ಅಂದರೆ ಇಬ್ಬರ ಒಂದು ದಿನದ ಕೂಲಿ. ಬಾಡಿಗೆಯ ಮುಂದೆ ಅದೇನು ಲೆಕ್ಕ?

ಮದುವೆ ಮಾಡುವವರೂ ಅಡ್ವಾನ್ಸ್ ಕೊಡುವ ಮುಂಚೆ ಎಸಿ, ಪಾರ್ಕಿಂಗ್ ಕೇಳಿದ ಹಾಗೆ ಬಾಗಿಲ ಬಗ್ಗೆಯೂ ಕೇಳಿ. ಪರದೆ ಬಾಗಿಲಿಗೆ ಅಡ್ಡ ಬಂದರೆ ತೆಗೆಸಿ, ಫೋಟೋ ಒಂಚೂರು ಕಡಿಮೆ ಚೆನ್ನಾಗಿ ಬಂದರೂ ಪರವಾಗಿಲ್ಲ.

ಮುಂದಿನ ಮದುವೆ ಸೀಸನ್‌ಗೆ ಮೊದಲು ಪಾಲಿಕೆ ಮತ್ತು ಅಗ್ನಿಶಾಮಕ ಇಲಾಖೆಯವರು ಮಂಟಪದ ಮಾಲೀಕರು, ಶಾಮಿಯಾನದವರು, ಅಡುಗೆ ಗುತ್ತಿಗೆದಾರರನ್ನು ಒಂದು ಕಡೆ ಕೂರಿಸಿ ಸಭೆ ಮಾಡಬೇಕು. ಸಾರ್ವಜನಿಕರನ್ನೂ ಕರೆಯಿರಿ, ನಾವು ಬರುತ್ತೇವೆ.

— ಒಬ್ಬ ಓದುಗ, ಕೌಲ್ ಬಜಾರ್, ಬಳ್ಳಾರಿ