ರೋಬೋಟ್ ನಮ್ಮದು, ಪಾಸ್‌ವರ್ಡ್ ಮಾತ್ರ ನಿಮ್ಮದಾ?

ಇವರಿಗೆ,
ಸರ್ವಿಸ್ ವಿಭಾಗದ ಮುಖ್ಯಸ್ಥರು,
ರೋಬೋಟ್ ಆಟೊಮೇಷನ್ ಕಂಪನಿ, ಬೆಂಗಳೂರು

ವಿಷಯ: ಸಿಎನ್‌ಸಿ ಲೇತ್‌ಗೆ ಕೂರಿಸಿದ ರೋಬೋಟ್ ಸೆಲ್‌ನ ತೊಂದರೆಗಳು ಮತ್ತು ಗೇಟಿನ ಸೇಫ್ಟಿ ಸ್ವಿಚ್ ಬೈಪಾಸ್ ಮಾಡಿ ಬಿಟ್ಟುಹೋಗಿರುವ ಬಗ್ಗೆ

ನಮಸ್ಕಾರ ಸರ್,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಪ್ರತಿ ಸಲ ಬೇರೆ ಯಾರೋ ಫೋನ್ ಎತ್ತುತ್ತಾರೆ, ಮತ್ತೆ ಮೊದಲಿಂದ ಎಲ್ಲ ಹೇಳಬೇಕು, ಕೊನೆಗೆ ‘ಟಿಕೆಟ್ ರೈಸ್ ಮಾಡಿದ್ದೀವಿ ಸರ್’ ಅಂತ ಇಟ್ಟುಬಿಡುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಗೇಟಿನ ವಿಷಯ. ಉಳಿದದ್ದೆಲ್ಲ ದುಡ್ಡಿನ ನಷ್ಟ, ಇದು ಜೀವದ ಪ್ರಶ್ನೆ.

ಲೇತ್‌ಗೆ ಪೀಸ್ ಹಾಕಿ ತೆಗೆಯುವ ರೋಬೋಟ್ ಸುತ್ತ ಬೇಲಿ ಹಾಕಿ ಒಂದು ಗೇಟ್ ಇಟ್ಟಿದ್ದೀರಿ. ಗೇಟ್ ತೆಗೆದ ಕೂಡಲೇ ರೋಬೋಟ್ ನಿಲ್ಲಬೇಕು, ಅಲ್ವಾ? ಕಳೆದ ತಿಂಗಳು ನಮ್ಮ ಆಪರೇಟರ್ ಒಬ್ಬರು ಟ್ರೇಯಲ್ಲಿ ಸಿಕ್ಕಿಕೊಂಡಿದ್ದ ಪೀಸ್ ಬಿಡಿಸೋಣ ಅಂತ ಗೇಟ್ ತೆಗೆದರು. ರೋಬೋಟ್ ನಿಲ್ಲಲಿಲ್ಲ. ಆಟೋ ಮೋಡ್‌ನಲ್ಲೇ ಓಡುತ್ತಿತ್ತು. ಅವರು ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ, ಹಾಗಾಗಿ ಏನೂ ಆಗಲಿಲ್ಲ. ವಾರಂಟಿ ಹೋಗುತ್ತೆ, ಸೀಲ್ ಒಡೆಯಬೇಡಿ ಅಂತ ನೀವೇ ಹೇಳಿದ್ದರಿಂದ ಅಲ್ಲಿವರೆಗೆ ನಾವು ಆ ಪ್ಯಾನಲ್ ಮುಟ್ಟಿಯೇ ಇರಲಿಲ್ಲ. ಅವತ್ತು ಒಡೆದೆವು. ಗೇಟ್ ಸ್ವಿಚ್ಚಿನ ಎರಡೂ ಚಾನಲ್‌ಗೆ ಬೆರಳುದ್ದದ ಕೆಂಪು ವೈರ್ ತುಂಡು ಹಾಕಿ ಜಂಪರ್ ಮಾಡಿದ್ದಾರೆ, ಅಂದರೆ ಗೇಟ್ ತೆಗೆದರೂ ಮುಚ್ಚಿದೆ ಅಂತಲೇ ರೋಬೋಟ್ ತಿಳಿಯುತ್ತೆ. ಉಳಿದ ವೈರಿಂಗ್ ಎಲ್ಲ ಅಚ್ಚುಕಟ್ಟಾಗಿದೆ, ಒಂದೊಂದು ವೈರಿಗೂ ನಂಬರ್ ಇದೆ, ತುದಿಗೆ ಲಗ್ ಒತ್ತಿದ್ದಾರೆ. ಈ ಎರಡು ತುಂಡಿಗೆ ಮಾತ್ರ ನಂಬರೂ ಇಲ್ಲ, ಲಗ್ಗೂ ಇಲ್ಲ, ನೀವು ಕೊಟ್ಟ ಡ್ರಾಯಿಂಗ್‌ನಲ್ಲೂ ಇಲ್ಲ. ಫೋಟೋ ಲಗತ್ತಿಸಿದ್ದೇನೆ, ಸೀಲ್ ಒಡೆಯುವ ಮುಂಚಿನದ್ದೂ ಇದೆ.

ಜಂಪರ್ ಕಿತ್ತು ಹಾಕಿದ ಮೇಲೆ ಕಾರಣವೂ ಗೊತ್ತಾಯಿತು. ಗೇಟಿನ ಕಂಬವನ್ನು ನೆಲಕ್ಕೆ ಸರಿಯಾಗಿ ಬಿಗಿದಿಲ್ಲ, ಅಲ್ಲಾಡುತ್ತೆ. ಸ್ವಿಚ್ಚಿನ ನಾಲಿಗೆ ನೆಟ್ಟಗೆ ಕೂರುವುದಿಲ್ಲ. ಪಕ್ಕದಲ್ಲಿ ಫೋರ್ಕ್‌ಲಿಫ್ಟ್ ಹೋದರೂ ಸೆಲ್ ನಿಂತುಬಿಡುತ್ತೆ. ಟ್ರಯಲ್ ದಿನ ಹೀಗೆ ನಿಂತು ನಿಂತು ಬೇಜಾರಾಗಿ ನಿಮ್ಮ ಎಂಜಿನಿಯರ್ ಜಂಪರ್ ಹಾಕಿ ಮುಗಿಸಿರಬೇಕು. ಕಂಬಕ್ಕೆ ನಾಲ್ಕು ಆಂಕರ್ ಬೋಲ್ಟ್ ಹಾಕುವ ಕೆಲಸ ಅದು. ಅಷ್ಟಕ್ಕೆ ಒಬ್ಬ ಮನುಷ್ಯನ ಜೀವವನ್ನು ಪಣಕ್ಕಿಟ್ಟು ಹೋಗಿದ್ದೀರಿ.

ಇದು ಎಲ್ಲೋ ಆಗುವ ವಿಷಯ ಅಲ್ಲ ಸರ್. 1979ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಕಾರ್ಮಿಕ ರೋಬೋಟ್ ತೋಳಿನ ಏಟಿಗೆ ಸತ್ತ. ನಮ್ಮ ದೇಶದಲ್ಲೇ, ಹರಿಯಾಣದ ಮಾನೇಸರ್‌ನಲ್ಲಿ, 2015ರಲ್ಲಿ ಆಟೊಮೊಬೈಲ್ ಬಿಡಿಭಾಗದ ಕಾರ್ಖಾನೆಯ ಹುಡುಗನೊಬ್ಬ ರೋಬೋಟ್‌ಗೆ ಸಿಕ್ಕಿ ಸತ್ತ. ನಿಮ್ಮ ಕೊಟೇಶನ್‌ನಲ್ಲಿ ‘ಐಎಸ್‌ಒ 10218 ಪ್ರಕಾರ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ. ಆ ಸ್ಟ್ಯಾಂಡರ್ಡ್‌ನ ಮೊದಲ ಭಾಗ ರೋಬೋಟ್ ತಯಾರಿಸುವವರಿಗೆ, ಎರಡನೇ ಭಾಗ ಅದನ್ನು ಶಾಪ್‌ನಲ್ಲಿ ಕೂರಿಸುವವರಿಗೆ. ಅಂದರೆ ನಿಮಗೆ. ರೋಬೋಟ್ ಕಂಪನಿ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಇನ್ನು ಗ್ರಿಪ್ಪರ್, ಅಂದರೆ ಪೀಸ್ ಹಿಡಿಯುವ ರೋಬೋಟ್ ಕೈ. ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು.

ರೋಬೋಟ್ ಎತ್ತುವ ತೂಕ 12 ಕೆಜಿ ಅಂತ ಅದರ ಪ್ಲೇಟಿನ ಮೇಲೇ ಇದೆ. ನೀವು ಡಬಲ್ ಗ್ರಿಪ್ಪರ್ ಕೊಟ್ಟಿದ್ದೀರಿ, ಒಂದು ಕೈಯಲ್ಲಿ ಹೊಸ ಫೋರ್ಜಿಂಗ್ (ಇನ್ನೂ ಮೆಷಿನ್ ಆಗದ ಪೀಸ್) ಹಿಡಿದು ಹೋಗಿ, ಇನ್ನೊಂದು ಕೈಯಲ್ಲಿ ಮುಗಿದ ಪೀಸ್ ತೆಗೆದು, ಮಣಿಕಟ್ಟು ತಿರುಗಿಸಿ ಹೊಸದನ್ನು ಲೇತ್‌ನಲ್ಲಿ ಪೀಸ್ ಬಿಗಿಹಿಡಿಯುವ ಚಕ್‌ಗೆ ಇಡುತ್ತೆ. ಒಳ್ಳೆಯ ಐಡಿಯಾ, ಟೈಮ್ ಉಳಿಯುತ್ತೆ. ಆದರೆ ತಿರುಗಿಸುವ ಆ ಹೊತ್ತಿನಲ್ಲಿ ರೋಬೋಟ್ ಕೈಯಲ್ಲಿ ಎರಡು ಪೀಸ್ ಇರುತ್ತೆ. ಗ್ರಿಪ್ಪರ್ ಬಿಚ್ಚಿ ನಮ್ಮ ಸ್ಟೋರ್ಸ್‌ನ ತಕ್ಕಡಿಯಲ್ಲಿಟ್ಟು ತೂಗಿದೆವು. ಬ್ರಾಕೆಟ್ ಸೇರಿ 7.4 ಕೆಜಿ. ಫೋರ್ಜಿಂಗ್ 3.1, ಮುಗಿದ ಪೀಸ್ 2.6. ಒಟ್ಟು 13.1 ಕೆಜಿ. ಇದರ ಮೇಲೆ ಏರ್ ಪೈಪ್, ಕೇಬಲ್. ನಿಮ್ಮ ಡಿಸೈನ್ ಶೀಟ್ ನೋಡಿದರೆ ಒಂದೇ ಪೀಸ್ ಲೆಕ್ಕ ಹಿಡಿದು 10.5 ಅಂತ ತೋರಿಸಿದ್ದೀರಿ! ಇಷ್ಟು ದೊಡ್ಡ ಬೆಲೆಯ ಮೆಷಿನ್ ಮಾರುವವರು ಇಂಥ ಲೆಕ್ಕವನ್ನು ಇನ್ನೊಬ್ಬರ ಕೈಲಿ ಚೆಕ್ ಮಾಡಿಸುವುದಿಲ್ವಾ?

ಇದರ ಫಲ ನಾವು ದಿನಾ ಉಣ್ಣುತ್ತಿದ್ದೇವೆ. ಮೊದಮೊದಲು ಕೊಲಿಷನ್ ಅಲಾರಂ. ಎಲ್ಲಿಗೂ ತಗುಲಿಲ್ಲ, ಸುಮ್ನೆ ತಿರುಗುವಾಗಲೇ ನಿಂತುಬಿಡೋದು. ನಿಮ್ಮವರು ಬಂದು ಆ ಅಲಾರಂನ ಸೆನ್ಸಿಟಿವಿಟಿ ಇಳಿಸಿದರು, ಸ್ಪೀಡ್ ಅರ್ಧ ಮಾಡಿ ಹೋದರು. ಈಗ ನಿಲ್ಲಲ್ಲ, ನಿಜ. ಆದರೆ ಪೀಸ್ ಬದಲಿಸಲು 14 ಸೆಕೆಂಡ್ ಅಂತ ಪಿಒನಲ್ಲಿ (ಖರೀದಿ ಆರ್ಡರ್‌ನಲ್ಲಿ) ಒಪ್ಪಿಕೊಂಡಿದ್ದು ಈಗ 26 ಸೆಕೆಂಡ್. ಕೈಯಲ್ಲಿ ಹಾಕುವ ಹುಡುಗ ಇದಕ್ಕಿಂತ ಬೇಗ ಹಾಕುತ್ತಾನೆ. ಅಷ್ಟೇ ಅಲ್ಲ, ಸೆನ್ಸಿಟಿವಿಟಿ ಇಳಿಸಿದ್ದರಿಂದ ನಾಳೆ ನಿಜವಾಗಿಯೂ ಲೇತ್‌ನ ಟೂಲ್ ಹಿಡಿಯುವ ಟರೆಟ್‌ಗೆ ಹೊಡೆದರೆ ರೋಬೋಟ್ ತಡವಾಗಿ ನಿಲ್ಲುತ್ತೆ. ಲೇತ್‌ನ ಟರೆಟ್ ಅಲೈನ್‌ಮೆಂಟ್ ಹೋದರೆ ಅದನ್ನು ಯಾರು ಮಾಡಿಸಿಕೊಡ್ತೀರಿ? ಜಾಸ್ತಿ ಭಾರ ಎಳೆದು ಎಳೆದು ಮಣಿಕಟ್ಟಿನ ಗೇರ್ ಸವೆದರೆ? ಅದು ವಾರಂಟಿ ಮುಗಿದ ಮೇಲೆಯೇ ಗೊತ್ತಾಗುವುದು. ಗ್ರಿಪ್ಪರ್ ಬಾಡಿಯನ್ನು ಅಲ್ಯೂಮಿನಿಯಂನಲ್ಲಿ ಮಾಡಿದರೆ ತೂಕ ಇಳಿಯುತ್ತೆ ಅಂತ ನಮ್ಮ ಟೂಲ್‌ರೂಮಿನವರೇ ಹೇಳುತ್ತಾರೆ. ಅದನ್ನು ಮಾಡಿಕೊಡಿ. ಇಲ್ಲವೇ ದೊಡ್ಡ ರೋಬೋಟ್ ಕೊಡಿ. ಸ್ಪೀಡ್ ಇಳಿಸುವುದು ರಿಪೇರಿ ಅಲ್ಲ.

ಏರ್ ಸೀಟ್ ಚೆಕ್ ವಿಷಯ ಇನ್ನೂ ಬೇಸರದ್ದು. ಕೊಟೇಶನ್‌ನಲ್ಲಿದೆ, ಇನ್‌ವಾಯ್ಸ್‌ನಲ್ಲಿದೆ, ನಾವು ದುಡ್ಡೂ ಕೊಟ್ಟಿದ್ದೇವೆ. ಮೆಷಿನ್‌ನಲ್ಲಿ ಮಾತ್ರ ಇಲ್ಲ. ಇದನ್ನು ಓದುವ ಮ್ಯಾನೇಜ್‌ಮೆಂಟ್‌ನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಚಕ್ ಒಳಗೆ ಪೀಸ್ ಒರಗುವ ಪ್ಯಾಡಿನಲ್ಲಿ ಸಣ್ಣ ತೂತು ಇರುತ್ತೆ, ಅದರಿಂದ ಗಾಳಿ ಬರುತ್ತಿರುತ್ತೆ. ಪೀಸ್ ಪೂರ್ತಿ ಕೂತರೆ ತೂತು ಮುಚ್ಚಿ ಪ್ರೆಷರ್ ಏರುತ್ತೆ, ಆಗ ಮಾತ್ರ ಸ್ಪಿಂಡಲ್ ತಿರುಗಬೇಕು. ಮಧ್ಯೆ ಒಂದು ಚಿಪ್ (ಕತ್ತರಿಸುವಾಗ ಬರುವ ಲೋಹದ ಚೂರು) ಸಿಕ್ಕಿಕೊಂಡಿದ್ದರೆ ಗಾಳಿ ಸೋರುತ್ತೆ, ಮೆಷಿನ್ ಶುರುವಾಗಲ್ಲ. ನಮ್ಮ ಜಾಬ್‌ನ ಉಕ್ಕು ಮೆತ್ತಗಿನದು, ಚಿಪ್ಸ್ ಉದ್ದುದ್ದ ಬಂದು ಚಕ್‌ನ ಹಲ್ಲುಗಳಿಗೆ ಸುತ್ತಿಕೊಳ್ಳುತ್ತೆ. ಮನುಷ್ಯ ಇದ್ದರೆ ಏರ್ ಗನ್ ಹಿಡಿದು ಊದುತ್ತಾನೆ, ಬೆರಳಲ್ಲಿ ಒಂದು ಸಲ ಸವರಿ ನೋಡುತ್ತಾನೆ, ಆಮೇಲೆ ಪೀಸ್ ಇಡುತ್ತಾನೆ. ರೋಬೋಟ್‌ಗೆ ಕಣ್ಣಿಲ್ಲ, ಸವರುವ ಬೆರಳೂ ಇಲ್ಲ. ಅದಕ್ಕೇ ತಾನೇ ನಾವು ಈ ಚೆಕ್ ಬೇಕು ಅಂತ ಪಟ್ಟು ಹಿಡಿದಿದ್ದು.

ಒಂದು ರಾತ್ರಿ ಶಿಫ್ಟ್‌ನಲ್ಲಿ ಹಾಗೇ ಆಯಿತು. ಪ್ಯಾಡಿನ ಮೇಲೆ ಚಿಪ್ ಅಂಟಿಕೊಂಡು ಪೀಸ್‌ಗಳು ವಾಲಿಕೊಂಡೇ ಕೂತಿವೆ. ಫೇಸ್ ರನ್‌ಔಟ್, ಅಂದರೆ ಪೀಸ್ ತಿರುಗಿಸಿದಾಗ ಮುಖದ ಓಲಾಟ, 20 ಮೈಕ್ರಾನ್ ಒಳಗೆ ಇರಬೇಕು. ಬೆಳಗ್ಗೆ ಡಯಲ್ ಇಟ್ಟು ನೋಡಿದರೆ ಮುಳ್ಳು 90 ತೋರಿಸುತ್ತಿತ್ತು. ಬೆಳಕಿನಲ್ಲಿ ಹಿಡಿದರೆ ಪೀಸ್ ಫಳಫಳ ಹೊಳೆಯುತ್ತೆ, ಏನೂ ಗೊತ್ತಾಗಲ್ಲ. ಅಷ್ಟರಲ್ಲಿ ಮುಂಚಿನ ಬಾಕ್ಸ್‌ಗಳು ಪೀಣ್ಯದ ಕಸ್ಟಮರ್ ಕಡೆಗೆ ಹೊರಟಾಗಿತ್ತು. ಲಾಟ್ ಪೂರ್ತಿ ವಾಪಸ್ ಬಂತು. ಒಂದೊಂದನ್ನೂ ಕೂತು ಚೆಕ್ ಮಾಡಿ ಬೇರೆ ಮಾಡಿದ್ದು ನಮ್ಮ ಹೆಣ್ಣುಮಕ್ಕಳು, ಅವರ ಭಾನುವಾರ ಅದಕ್ಕೇ ಹೋಯಿತು. ಆ ಕಸ್ಟಮರ್ ನಮ್ಮನ್ನು ತುಂಬಾ ವರ್ಷಗಳಿಂದ ನಂಬಿದ್ದವರು. ಈಗ ಪ್ರತಿ ಲಾಟ್ ಜೊತೆ ಇನ್‌ಸ್ಪೆಕ್ಷನ್ ರಿಪೋರ್ಟ್ ಕೇಳುತ್ತಿದ್ದಾರೆ.

ಇದೆಲ್ಲದಕ್ಕಿಂತ ಜಾಸ್ತಿ ನೋವಾಗಿರುವುದು ಪಾಸ್‌ವರ್ಡ್ ವಿಷಯದಲ್ಲಿ.

ನಮ್ಮದು ಜಾಬ್ ಶಾಪ್. ದೊಡ್ಡ ಕಾರ್ ಕಂಪನಿಯ ಹಾಗೆ ವರ್ಷವಿಡೀ ಒಂದೇ ಪೀಸ್ ಓಡಿಸುವವರಲ್ಲ. ಮುನ್ನೂರು ಒಂದು ಬಗೆ, ಐನೂರು ಇನ್ನೊಂದು ಬಗೆ, ಹೀಗೇ ನಡೆಯುತ್ತೆ. ಆರ್ಡರ್ ಕೊಡುವ ಮುಂಚೆ ಇದನ್ನು ನಿಮಗೆ ಸ್ಪಷ್ಟವಾಗಿ ಹೇಳಿದ್ದೆವು. ಡೆಮೊದಲ್ಲಿ ನಿಮ್ಮ ಸೇಲ್ಸ್‌ನವರು ‘ಹೊಸ ಪಾರ್ಟ್ ಅರ್ಧ ಗಂಟೆಯಲ್ಲಿ ಸೆಟ್ ಆಗುತ್ತೆ, ನಿಮ್ಮ ಆಪರೇಟರೇ ಮಾಡಿಕೊಳ್ತಾರೆ’ ಅಂದರು. ಈಗ ಟೀಚ್ ಪೆಂಡೆಂಟ್‌ನಲ್ಲಿ (ರೋಬೋಟ್‌ಗೆ ಕಲಿಸುವ ಕೈ ರಿಮೋಟ್) ರೋಬೋಟ್ ಕೈ ಹೋಗಬೇಕಾದ ಒಂದು ಪಾಯಿಂಟ್ ಬದಲಿಸೋಣ ಅಂದರೆ ಪಾಸ್‌ವರ್ಡ್ ಕೇಳುತ್ತೆ. ಸೆಲ್ ನಡೆಸುವ ಕಂಟ್ರೋಲರ್ ಪಿಎಲ್‌ಸಿಗೂ ಲಾಕ್. ಪ್ರೋಗ್ರಾಂ ಬ್ಯಾಕಪ್ ಕೇಳಿದರೆ ‘ಅದು ಕಂಪನಿಯ ಸ್ವತ್ತು’ ಅಂತ ಉತ್ತರ. ಪ್ರತಿ ಹೊಸ ಪಾರ್ಟ್‌ಗೂ ವಿಸಿಟ್ ಚಾರ್ಜ್ ಕೊಟ್ಟು, ನಿಮ್ಮ ಎಂಜಿನಿಯರ್ ಬಿಡುವಾಗಿ ಬರುವವರೆಗೆ ಕಾಯಬೇಕು. ಇದನ್ನು ಆರ್ಡರ್‌ಗೆ ಮುಂಚೆ ಒಂದು ಮಾತು ಹೇಳಿದ್ದರೆ ನಾವು ಈ ಸೆಲ್ ತಗೊಳ್ಳುತ್ತಲೇ ಇರಲಿಲ್ಲ. ಬ್ಯಾಂಕ್ ಕಂತು ನಮ್ಮದು, ಕರೆಂಟ್ ಬಿಲ್ ನಮ್ಮದು, ನಮ್ಮ ಪೀಸ್‌ಗೆ ನಮ್ಮ ಶೆಡ್ಡಿನಲ್ಲೇ ಬರೆದ ಪಾಯಿಂಟ್‌ಗಳು ಹೇಗೆ ನಿಮ್ಮ ಸ್ವತ್ತಾಗುತ್ತವೆ?

ಹಬ್ಬಕ್ಕೆ ಮೇನ್ ಸ್ವಿಚ್ ಆಫ್ ಮಾಡಿ ರಜೆ ಕೊಟ್ಟಿದ್ದೆವು. ವಾಪಸ್ ಬಂದು ಆನ್ ಮಾಡಿದರೆ ರೋಬೋಟ್‌ಗೆ ತನ್ನ ಕೈ ಎಲ್ಲಿದೆ ಅಂತಲೇ ಗೊತ್ತಿಲ್ಲ. ಕೀಲುಗಳ ಜೀರೋ ಪೊಸಿಷನ್ ಪೂರ್ತಿ ಅಳಿಸಿಹೋಗಿತ್ತು. ಆಮೇಲೆ ತಿಳಿಯಿತು, ಈ ಮಾಡೆಲ್‌ನ ತಳದಲ್ಲಿ ನಾಲ್ಕು ಬ್ಯಾಟರಿ ಇರುತ್ತೆ, ಕರೆಂಟ್ ಇಲ್ಲದಾಗ ಆ ನೆನಪು ಉಳಿಸುವುದು ಅದೇ, ವರ್ಷಕ್ಕೊಮ್ಮೆ ಬದಲಿಸಬೇಕು, ಅದೂ ಕಂಟ್ರೋಲರ್ ಆನ್ ಇರುವಾಗಲೇ ಬದಲಿಸಬೇಕು ಅಂತ. ಟಾರ್ಚಿಗೆ ಹಾಕುವ ದಪ್ಪ ಬ್ಯಾಟರಿ ಸರ್ ಅದು! ತುಮಕೂರಿನ ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ನೀವು ಮಾಡಿದ ಟ್ರೈನಿಂಗ್‌ನಲ್ಲಿ ಇದರ ಮಾತೇ ಬರಲಿಲ್ಲ, ಮೇಂಟೆನೆನ್ಸ್ ಪುಸ್ತಕವನ್ನೂ ಕೊಡಲಿಲ್ಲ. ಒಂದೊಂದು ಕೀಲಿನ ಮೇಲೂ ಗೆರೆ ಇದೆ, ಗೆರೆಗೆ ಗೆರೆ ಕೂಡಿಸಿ ಜೀರೋ ಮತ್ತೆ ಕೊಡಬಹುದು. ನಮ್ಮ ಹುಡುಗಿ ಗೆರೆ ಕೂಡಿಸಿಟ್ಟುಕೊಂಡು ಕೂತಿದ್ದಳು. ಒಪ್ಪಿಸಲು ಪಾಸ್‌ವರ್ಡ್ ಇಲ್ಲ. ಪಕ್ಕದಲ್ಲಿ ಲೇತ್ ಸುಮ್ಮನೆ ನಿಂತಿತ್ತು.

ಆ ಹುಡುಗಿ ಬಗ್ಗೆಯೂ ಹೇಳಬೇಕು. ಸರ್ಕಾರದ ಟೂಲ್‌ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಡಿಪ್ಲೊಮಾ ಮಾಡಿದವಳು. ರೋಬೋಟ್ ಬರುತ್ತೆ ಅಂದಾಗ ನಮ್ಮ ಹುಡುಗರಿಗೆಲ್ಲ ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು. ಯಾರನ್ನೂ ತೆಗೆಯಲ್ಲ, ಇದನ್ನು ನಡೆಸುವುದನ್ನು ನೀವೇ ಕಲಿಯಿರಿ ಅಂತ ನಾನು ಮಾತು ಕೊಟ್ಟೆ. ಎಲ್ಲರಿಗಿಂತ ಮುಂದೆ ಬಂದು ಕಲಿತವಳು ಅವಳು. ನಿಮ್ಮ ಎಂಜಿನಿಯರ್ ಅವಳ ಮುಂದೆಯೇ ‘ಇವರಿಗೆಲ್ಲ ಎಡಿಟ್ ಕೊಟ್ಟರೆ ಹಾಳು ಮಾಡ್ತಾರೆ’ ಅಂದರಂತೆ. ಈ ಮಾತು ನನಗೆ ತುಂಬಾ ನೋವು ತಂದಿದೆ. ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇದ್ದ ಊರು ಇದು. ಅಲ್ಲಿ ದುಡಿದು ನಿವೃತ್ತರಾದ ಹಿರಿಯರು ನಮ್ಮ ಶಾಪ್‌ಗೆ ಬಂದು ಮೈಕ್ರೋಮೀಟರ್ ಹೇಗೆ ಹಿಡಿಯಬೇಕು, ಎಷ್ಟು ಬಿಗಿ ತಿರುಗಿಸಬೇಕು ಅಂತ ನಮ್ಮ ಹುಡುಗರ ಕೈ ಹಿಡಿದು ಕಲಿಸಿದ್ದಾರೆ. ಮೈಕ್ರಾನ್‌ನಲ್ಲಿ ಕೆಲಸ ಮಾಡುವವರಿಗೆ ರೋಬೋಟ್‌ನ ಒಂದು ಪಾಯಿಂಟ್ ತಿದ್ದಲು ಬರಲ್ವಾ? ಆ ಎಂಜಿನಿಯರ್ ಅವಳ ಹತ್ತಿರ ಕ್ಷಮೆ ಕೇಳಬೇಕು. ಇದನ್ನು ನಾನು ಬಿಡುವುದಿಲ್ಲ.

ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್ ಇದೆ, 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಗಿದೆ. ಆ ಮಟ್ಟದ ಕೆಲಸ ನಮಗೂ ಸಿಗಲಿ ಅಂತ ಇಲ್ಲಿನ ಸಣ್ಣ ಶಾಪ್‌ಗಳವರು ಸಾಲ ಮಾಡಿ ಮೆಷಿನ್ ಹಾಕುತ್ತಿದ್ದಾರೆ. ಅಕ್ಕಪಕ್ಕದ ಶೆಡ್ಡಿನವರು ನಮ್ಮ ರೋಬೋಟ್ ನೋಡಲು ಬರುತ್ತಾರೆ, ಹೇಗಿದೆ ತಗೋಬಹುದಾ ಅಂತ ಕೇಳುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ರೋಬೋಟ್ ಒಳ್ಳೆಯದು, ಸರಿಯಾಗಿ ಕೂರಿಸಿದರೆ ರಾತ್ರಿ ಶಿಫ್ಟ್‌ನ ಕಷ್ಟ ತಪ್ಪುತ್ತೆ, ಭಾರ ಎತ್ತಿ ಎತ್ತಿ ಬೆನ್ನು ನೋಯಿಸಿಕೊಳ್ಳುವುದು ತಪ್ಪುತ್ತೆ. ಇದನ್ನು ಈಗಲೂ ನಂಬಿದ್ದೇನೆ. ಕೂರಿಸಿದವರ ಬಗ್ಗೆ ಕೇಳಿದರೆ ಈ ಪತ್ರದಲ್ಲಿ ಬರೆದದ್ದನ್ನೇ ಹೇಳುತ್ತೇನೆ.

ಈಗ ಆಗಬೇಕಾದ್ದು. ಗೇಟಿನ ಕಂಬ ಮತ್ತು ಸ್ವಿಚ್ ಈ ವಾರವೇ ಸರಿಯಾಗಬೇಕು, ಸರಿಯಾದ ಮೇಲೆ ಗೇಟ್, ಎಮರ್ಜೆನ್ಸಿ ಸ್ಟಾಪ್, ಎಲ್ಲವನ್ನೂ ನಮ್ಮೆದುರು ಪರೀಕ್ಷೆ ಮಾಡಿ ಬರೆದು ಸಹಿ ಹಾಕಿಕೊಡಬೇಕು. ಅಲ್ಲಿವರೆಗೆ ಸೆಲ್ ಆಟೋದಲ್ಲಿ ಓಡಿಸುವುದಿಲ್ಲ, ಕೈಯಲ್ಲೇ ಲೋಡ್ ಮಾಡುತ್ತೇವೆ. ಪಾಸ್‌ವರ್ಡ್, ರೋಬೋಟ್ ಮತ್ತು ಪಿಎಲ್‌ಸಿ ಎರಡರ ಬ್ಯಾಕಪ್, ಮೇಂಟೆನೆನ್ಸ್ ಪುಸ್ತಕ, ಇವು ಕೊಡಲು ಯಾರೂ ಬರಬೇಕಾಗಿಲ್ಲ, ಇಮೇಲ್‌ನಲ್ಲಿ ಇವತ್ತೇ ಕಳಿಸಬಹುದು. ಸೇಫ್ಟಿ ಸೆಟ್ಟಿಂಗ್‌ಗೆ ಬೇರೆ ಲಾಕ್ ಇರಲಿ, ಅದಕ್ಕೆ ನಮ್ಮ ತಕರಾರಿಲ್ಲ, ಅದನ್ನು ಯಾರೂ ಮುಟ್ಟಬಾರದು. ಗ್ರಿಪ್ಪರ್ ಮತ್ತು ಏರ್ ಸೀಟ್ ಚೆಕ್‌ಗೆ ಸಮಯ ಬೇಕಾಗುತ್ತೆ ಅಂತ ನಮಗೂ ಗೊತ್ತು. ಯಾವ ತಾರೀಕಿಗೆ ಅಂತ ಬರೆದು ಕಳಿಸಿ. ವಾಪಸ್ ಬಂದ ಲಾಟ್‌ನ ನಷ್ಟದ ಲೆಕ್ಕ ಬೇರೆ ಕಳಿಸುತ್ತೇನೆ.

ನಿಮ್ಮ ಅಕೌಂಟ್ಸ್‌ನವರು ಉಳಿದ ಶೇ. 10ರ ಹಣಕ್ಕೆ ವಾರವಾರ ಫೋನ್ ಮಾಡುತ್ತಿದ್ದಾರೆ. ಪಿಒ ಪ್ರಕಾರ ಅದು ಫೈನಲ್ ಅಕ್ಸೆಪ್ಟೆನ್ಸ್ ಸಹಿ ಆದ ಮೇಲೆ. ಆ ಸಹಿ ಇನ್ನೂ ಆಗಿಲ್ಲ. 14 ಸೆಕೆಂಡ್‌ನಲ್ಲಿ ಪೀಸ್ ಬದಲಾಗಿ, ಚಿಪ್ ಇಟ್ಟು ನೋಡಿದಾಗ ಮೆಷಿನ್ ಶುರುವಾಗದೆ ನಿಂತು, ಒಂದು ಲಾಟ್ ಪೂರ್ತಿ ಸರಿಯಾಗಿ ಬಂದ ದಿನ ಸಹಿಯೂ ಹಾಕುತ್ತೇನೆ, ಹಣವೂ ಅವತ್ತೇ ಹಾಕುತ್ತೇನೆ. ಅಲ್ಲಿವರೆಗೆ ಅವರಿಗೆ ಫೋನ್ ಮಾಡಬೇಡಿ ಅಂತ ಹೇಳಿ.

ಇಂತಿ,
ಶಾಪ್ ಮಾಲೀಕರು
ಅಂತರಸನಹಳ್ಳಿ ಕೈಗಾರಿಕಾ ಪ್ರದೇಶ, ತುಮಕೂರು