ಆರ್ಡರ್ ಮಾಡಿದ ಹಡಗೇ ಬೇರೆ, ಬಂದ ಹಡಗೇ ಬೇರೆ

ಗ್ರಾಹಕ ಸೇವೆಯವರಿಗೆ,

ನಮಸ್ಕಾರ. ಹೋದ ತಿಂಗಳು ₹18,500 ಪೂರ್ತಿ ಮೊದಲೇ ಕಟ್ಟಿ ನಿಮ್ಮಲ್ಲಿ ಒಂದು ಆಯಿಲ್ ಪೇಂಟಿಂಗ್ ಬರೆಸಿದ್ದೆ. ಎಚ್‌ಎಂಎಸ್ ಟ್ರಿಂಕೋಮಲಿ ಅನ್ನೋ ಹಳೇ ಯುದ್ಧದ ಹಾಯಿಹಡಗು. ಅಪ್ಪ ದಾಂಡೇಲಿಯ ಮರದ ಡಿಪೋದಲ್ಲಿ ಮೂವತ್ತು ವರ್ಷ ಸಾಗುವಾನಿ ದಿಮ್ಮಿ ಅಳೆದವರು. ಬ್ರಿಟಿಷ್ ನೌಕಾಪಡೆಗಾಗಿ ಬಾಂಬೆಯಲ್ಲಿ ವಾಡಿಯಾ ಮನೆತನದವರು ಮಲಬಾರ್ ಸಾಗುವಾನಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ ಅಂದರೆ ಅವರಿಗೆ ಖುಷಿಯಾಗದೆ ಇರುತ್ತಾ ಅಂತ ಹುಟ್ಟುಹಬ್ಬಕ್ಕೆ ತರಿಸಿದೆ.

ನೀವು ಕಳಿಸಿದ್ದು ಆ ಹಡಗೇ ಅಲ್ಲ. ಟ್ರಿಂಕೋಮಲಿ ಒಂದು ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ಯುದ್ಧಹಡಗು, ಪಕ್ಕದಲ್ಲಿ ಬಿಳಿ ಪಟ್ಟಿ, ಅದರ ಮೇಲೆ ಫಿರಂಗಿ ಕಿಂಡಿಗಳದ್ದು ಒಂದೇ ಉದ್ದ ಸಾಲು. ನಾಲ್ಕು ಫೋಟೋ ಕಳಿಸಿದ್ದೆ, ನಾಲ್ಕರಲ್ಲೂ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ಮೂರು ಸಾಲು, ಹಳದಿ ಪಟ್ಟಿ. ಅದು ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ನ ವಿಕ್ಟರಿ ಹಡಗು, ಓಕ್ ಮರದ್ದು! ಕೆಳಗೆ ಹಿತ್ತಾಳೆ ಪಟ್ಟಿಯಲ್ಲಿ ಮಾತ್ರ ಟ್ರಿಂಕೋಮಲಿ ಅಂತ ಚೆನ್ನಾಗಿ ಕೆತ್ತಿಸಿದ್ದೀರಿ.

ಬಾವುಟದ ತಪ್ಪು ಹಿಡಿದದ್ದು ಅಪ್ಪನೇ. ಗಾಳಿ ಹಿಂದಿನಿಂದ ಬೀಸಿ ಹಾಯಿಗಳೆಲ್ಲ ಮುಂದಕ್ಕೆ ಉಬ್ಬಿವೆ, ಬಾವುಟ ಮಾತ್ರ ಹಿಂದಕ್ಕೆ ಹಾರುತ್ತಿದೆ. "ಇದೇನೋ, ರಾಜ್ಯೋತ್ಸವಕ್ಕೆ ಆಟೋಗೆ ಕಟ್ಟಿದ ಹಾಗಿದೆ" ಅಂದರು. ಒಂದೇ ಹಡಗಿಗೆ ಎರಡು ಗಾಳಿ ಹೇಗೆ ಬೀಸುತ್ತೆ, ಹೇಳಿ.

ಇನ್ನು ಬಣ್ಣ. ಒಣಗೋ ಮೊದಲೇ ಬಬಲ್ ರ‍್ಯಾಪ್ ಸುತ್ತಿದ್ದೀರಿ, ಆಕಾಶದ ತುಂಬ ಗುಂಡು ಗುಂಡು ಅಚ್ಚು. ಪ್ಲಾಸ್ಟಿಕ್ ಬಿಡಿಸುವಾಗ ಮುಂದಿನ ಅಲೆಯ ಬಿಳಿ ನೊರೆ ಅದರ ಜೊತೆಗೇ ಎದ್ದು ಬಂತು. ಎಂಟು ದಿನ ಆಯ್ತು, ಈಗಲೂ ಮುಟ್ಟಿದರೆ ಹೆಬ್ಬೆರಳಿಗೆ ನೀಲಿ ಹತ್ತುತ್ತದೆ.

ಫೋನ್ ಮಾಡಿದರೆ ನಿಮ್ಮವರು "ಅದು ಕಲಾವಿದರ ಕಲ್ಪನೆ ಸರ್, ಆಯಿಲ್ ಪೇಂಟಿಂಗನ್ನ ದೂರದಿಂದ ನೋಡಬೇಕು" ಅಂದರು. ದೂರದಿಂದ ನೋಡಿದರೆ ಮೂರು ಸಾಲು ಒಂದಾಗುತ್ತಾ? ಬರೆದವರ ಕೈ ಕೆಟ್ಟದ್ದಲ್ಲ, ನೀರು ನಿಜಕ್ಕೂ ಚೆನ್ನಾಗಿ ಬಂದಿದೆ. ನಾನು ಕಳಿಸಿದ ಫೋಟೋ ಅವರ ಕೈಗೆ ಸೇರಿದ ಹಾಗೆ ಕಾಣಲ್ಲ, ಅಷ್ಟೇ.

ಹೊಸದಾಗಿ ಬರೆಸಿಕೊಡಿ. ಮೊದಲು ಪೆನ್ಸಿಲ್ ಸ್ಕೆಚ್ ಕಳಿಸಿ, ನಾನು ಒಪ್ಪಿದ ಮೇಲೆ ಬಣ್ಣ ಹಚ್ಚಲಿ, ಪೂರ್ತಿ ಒಣಗಿದ ಮೇಲೆ ಪ್ಯಾಕ್ ಮಾಡಿ. ಆಗಲ್ಲ ಅಂದರೆ ಪೂರ್ತಿ ಹಣ ವಾಪಸ್ ಕೊಡಿ. ಈ ಚಿತ್ರ ಒಯ್ಯುವ ಕೊರಿಯರ್ ಖರ್ಚೂ ನಿಮ್ಮದೇ. 15 ದಿನದಲ್ಲಿ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಫೋಟೋ, ಆ ನೊರೆ ಅಂಟಿದ ಪ್ಲಾಸ್ಟಿಕ್, ಎಲ್ಲ ಎತ್ತಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ