ಸ್ಯಾಂಪಲ್ ತುಣುಕಿನ ಮೇಲೆ ಗ್ರಾನೈಟ್ ಬುಕಿಂಗ್ ನಿಲುಗಡೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಜಿಗಣಿ ಯಾರ್ಡ್‌ನಲ್ಲಿ ಅಂಗೈಯಗಲದ ಸ್ಯಾಂಪಲ್ ನೋಡಿ ಗ್ರಾನೈಟ್ ಬುಕ್ ಮಾಡುವ ಪದ್ಧತಿ ಇರುವುದಿಲ್ಲ. ತಾವೇ ಬಂದು ಪೂರ್ಣ ಸ್ಲ್ಯಾಬ್‌ಗಳನ್ನು ನೋಡಿ ಆರಿಸಬೇಕು; ಆರಿಸಿದ ಸ್ಲ್ಯಾಬ್‌ಗಳ ಬ್ಲಾಕ್ (ಸ್ಲ್ಯಾಬ್ ಕೊಯ್ಯುವ ಕ್ವಾರಿಯ ದೊಡ್ಡ ಕಲ್ಲು) ನಂಬರನ್ನು ಬಿಲ್ಲಿನಲ್ಲಿ ನಮೂದಿಸುತ್ತೇವೆ; ಲೆಕ್ಕ ಪೂರ್ಣ ಸ್ಲ್ಯಾಬಿನ ಚದರಡಿಗೆ, ಕಟಿಂಗ್ ಮತ್ತು ಅಂಚಿನ ಮೋಲ್ಡಿಂಗ್ ಬೇರೆ. ಫೋನಿನಲ್ಲೇ ಅಳತೆ ಹೇಳಿ ಕಲ್ಲು ತರಿಸಿಕೊಳ್ಳುತ್ತಿದ್ದ ಹಳಬರಿಗೆ ಇದರಿಂದ ಓಡಾಟ ಹೆಚ್ಚುತ್ತದೆ ಎಂಬುದು ಗೊತ್ತಿದೆ, ಅದಕ್ಕಾಗಿ ಕ್ಷಮೆ ಕೋರುತ್ತೇವೆ.

“ತೋರಿಸಿದ್ದು ಒಂದು, ಕಳುಹಿಸಿದ್ದು ಇನ್ನೊಂದು” ಎಂಬ ಮಾತನ್ನು ಎಷ್ಟೋ ಮನೆಗಳ ಗೃಹಪ್ರವೇಶದ ಹೊತ್ತಿನಲ್ಲಿ ಕೇಳಿದ್ದೇವೆ. ಇದಕ್ಕೆ ವಿವರವಾಗಿಯೇ ಉತ್ತರಿಸಬೇಕಾಗಿದೆ. ಗ್ರಾನೈಟ್ ಅಚ್ಚಿನಲ್ಲಿ ಒತ್ತಿ ತೆಗೆಯುವ ಟೈಲ್ಸ್ ಅಲ್ಲ. ನೆಲದಾಳದಲ್ಲಿ ಕರಗಿದ ಶಿಲೆ ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಆರುವಾಗ ಅದರೊಳಗಿನ ಖನಿಜಗಳು ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳಾಗಿ ಬೆಳೆಯುತ್ತವೆ. ನಿಮ್ಮ ಅಡುಗೆ ಕಟ್ಟೆಯನ್ನು ಬೆಳಕಿಗೆ ಓರೆಯಾಗಿ ನೋಡಿದರೆ ಗಾಜಿನಂತೆ ಹೊಳೆಯುವ ಬೂದು ಕಣ ಕ್ವಾರ್ಟ್ಜ್, ಗುಲಾಬಿ ಅಥವಾ ಬಿಳಿಯದು ಫೆಲ್ಡ್‌ಸ್ಪಾರ್, ಕಪ್ಪು ಚುಕ್ಕೆ ಅಭ್ರಕ ಇಲ್ಲವೇ ಹಾರ್ನ್‌ಬ್ಲೆಂಡ್. ರಾಮನಗರದ ಬೆಟ್ಟಗಳನ್ನು ಒಳಗೊಂಡು ಉತ್ತರಕ್ಕೆ ಸುಮಾರು 400 ಕಿ.ಮೀ. ಚಾಚಿರುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ; ಅಲ್ಲಿಯೂ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಹೆಚ್ಚಿದ ಕಡೆ ಕಲ್ಲು ಗುಲಾಬಿ, ಕಡಿಮೆಯಾದ ಕಡೆ ಬೂದು. ಕನಕಪುರದ ಮಲ್ಟಿ ಕಲರ್ ಕಲ್ಲಿನ ಅಲೆಯಂಥ ಪಟ್ಟೆಗಳಂತೂ ಭೂಮಿಯೊಳಗಿನ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಮೂಡಿದವು, ಒಂದರಂತೆ ಇನ್ನೊಂದಿರುವುದಿಲ್ಲ. ಒಂದೇ ಕ್ವಾರಿಯ ಎರಡು ಬ್ಲಾಕುಗಳೇ ಹೊಂದದಿರುವಾಗ ಆರಿಂಚಿನ ತುಣುಕು ಮನೆಯಿಡೀ ನೆಲಕ್ಕೆ ಸಾಕ್ಷಿ ಹೇಳಲಾರದು.

ಚಾಮರಾಜನಗರದ ಕಪ್ಪು ಕಲ್ಲಿನ ಬಗ್ಗೆ ಈ ದೂರು ಬಹುತೇಕ ಬಂದಿಲ್ಲ, ಅದಕ್ಕೂ ಕಾರಣವಿದೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಗ್ರಾನೈಟ್ ಅಲ್ಲ, ಡಾಲರೈಟ್ ಎಂಬ ಬೇರೆ ಜಾತಿಯ ಶಿಲೆ. ಕರಗಿದ ಸ್ಥಿತಿಯಲ್ಲಿ ನೆಲದ ಬಿರುಕುಗಳಿಗೆ ನುಗ್ಗಿ ಬೇಗ ಆರಿದ್ದರಿಂದ ಹರಳು ಸಣ್ಣದು, ಬಣ್ಣ ಒಂದೇ ಸಮ. ಅದರ ಬೆಲೆ ಕಂಡು ಹೌಹಾರಿ ಬೇರೆಡೆ ಅಗ್ಗದ ಕಪ್ಪು ಕೊಳ್ಳುವವರು ಹತ್ತಿಯ ಮೇಲೆ ಸ್ವಲ್ಪ ಅಸಿಟೋನ್ ಹಾಕಿ ಉಜ್ಜಿ ನೋಡಲಿ, ಬಣ್ಣ ಬಳಿದ ಬೂದು ಕಲ್ಲಾದರೆ ಹತ್ತಿ ಕಪ್ಪಾಗುತ್ತದೆ.

ಗೆರೆ ಕಂಡೊಡನೆ ಬಿರುಕೆಂದು ಕಲ್ಲು ವಾಪಸು ಕಳುಹಿಸುವವರಿಗೂ ಒಂದು ಮಾತು. ಸ್ಲ್ಯಾಬಿನ ಮೇಲೆ ನೀರು ಸುರಿದು ಒರೆಸಿರಿ. ಸುತ್ತಲಿನ ಮೈ ಒಣಗಿದ ಮೇಲೂ ಗೆರೆ ಒದ್ದೆಯಾಗಿ ಕಪ್ಪಗೆ ಉಳಿದರೆ ಅದು ಬಿರುಕು, ಅಂಥದ್ದನ್ನು ನಾವೇ ಪಕ್ಕಕ್ಕಿಡುತ್ತೇವೆ. ಎಲ್ಲದರ ಜೊತೆಗೇ ಒಣಗಿದರೆ ಅದು ಖನಿಜದ ಗೆರೆ, ಕಲ್ಲಿನ ಹುಟ್ಟುಗುಣ.

ಇನ್ನು ಬೆಲೆ. “ಬೆಟ್ಟದಲ್ಲಿ ಪುಕ್ಕಟೆ ಬಿದ್ದಿರುವ ಕಲ್ಲಿಗೆ ಇಷ್ಟು ದುಡ್ಡೇ?” ಎಂದು ಕೇಳುವವರಿಗೆ, ಕ್ವಾರಿಯಿಂದ ಕಲ್ಲು ಹೊರಡುವ ಮೊದಲೇ ಸರ್ಕಾರಕ್ಕೆ ರಾಜಧನ ಸಲ್ಲುತ್ತದೆ ಎಂಬುದನ್ನು ನೆನಪಿಸಬೇಕಾಗಿದೆ. ಕ್ವಾರ್ಟ್ಜ್‌ನ ಗಡಸುತನ, ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಮಾಪಕದಲ್ಲಿ 7, ಎಂದರೆ ಚಾಕುವಿನ ಉಕ್ಕನ್ನೂ ಗೀರುವಷ್ಟು. ನಿಮ್ಮ ಕಟ್ಟೆಯ ಮೇಲೆ ಬೇಗನೆ ಗೀರು ಬೀಳದಿರುವುದು ಇದೇ ಗುಣದಿಂದ, ನಮ್ಮ ಬ್ಲೇಡಿನ ವಜ್ರದ ಸೆಗ್ಮೆಂಟುಗಳು ಸವೆಯುವುದೂ ಇದರಿಂದಲೇ. ಗರಗಸದ ದಪ್ಪಕ್ಕೆ ಪುಡಿಯಾಗಿ ಹೋಗುವ ಕಲ್ಲು, ಬ್ಲಾಕಿನ ಸೊಟ್ಟ ಮೂಲೆಗಳು, ಲಾರಿ ಬಾಡಿಗೆ, ಕರೆಂಟ್ ಬಿಲ್, ಕೊನೆಗೆ ಕೆಸರಿನಂಥ ಸ್ಲರಿಯನ್ನು ಇಂಗಿಸಿ ಸಾಗಿಸುವ ಖರ್ಚು, ಇವೆಲ್ಲ ಸೇರಿದ ದರವನ್ನು ನಾವು ಒಬ್ಬರೇ ತಿನ್ನುತ್ತಿದ್ದೇವೆ ಎಂಬಂತೆ ಮಾತನಾಡುವುದು ನ್ಯಾಯವಲ್ಲ. ಅಳತೆಗೆ ಕತ್ತರಿಸಿ ಉಳಿದ ಕಲ್ಲಿನ ನಷ್ಟವನ್ನು ಇದುವರೆಗೆ ನಾವೇ ಹೊತ್ತೆವು, ಇನ್ನು ಹೊರಲಾಗದು. ಪೂರ್ಣ ಸ್ಲ್ಯಾಬಿಗೆ ಹಣ ಕೊಟ್ಟ ಮೇಲೆ ಉಳಿದ ತುಂಡುಗಳು ತಮ್ಮವೇ. ಹೊಸ್ತಿಲಿಗೆ, ಕಿಟಕಿಯ ಅಡಿಗೆ ಸಲ್ಲುವುದಾದರೆ ಅಳತೆ ತನ್ನಿ, ಆ ತುಂಡುಗಳನ್ನು ಕಟಿಂಗ್ ಚಾರ್ಜ್ ಇಲ್ಲದೆ ಕತ್ತರಿಸಿಕೊಡುತ್ತೇವೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರ, ಹಳೆಯ ಲೆಕ್ಕವೇ ನಡೆಯುತ್ತದೆ. ದೂರದ ಊರಿನವರು, ವಯಸ್ಸಾದವರು ಬರಲಾಗದಿದ್ದರೆ ವಿಡಿಯೋ ಕಾಲ್ ಮಾಡಿ. ಸ್ಲ್ಯಾಬುಗಳನ್ನು ಹಗಲು ಬೆಳಕಿನಲ್ಲಿ ನಿಲ್ಲಿಸಿ, ನೀರು ಸುರಿದು ನಾನೇ ತೋರಿಸುತ್ತೇನೆ, ತಾವು ಒಪ್ಪುವವರೆಗೆ ಮಷಿನ್‌ಗೆ ಹಾಕುವುದಿಲ್ಲ. ಬರುವವರು ಮಧ್ಯಾಹ್ನ ಮೂರರೊಳಗೆ ಬಂದರೆ ಬಣ್ಣ ಸರಿಯಾಗಿ ತಿಳಿಯುತ್ತದೆ. ಮೇಸ್ತ್ರಿಯನ್ನು ಜೊತೆಗೆ ಕರೆತನ್ನಿ, ಅಳತೆಯ ಚೀಟಿಯನ್ನೂ ತನ್ನಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು